ಶಹಾಡ್ ಬ್ರಾಂಚಿನಲ್ಲಿ ನನ್ನ ಇಂಗ್ಲಿಷು

2025ರ ಮೇ ತಿಂಗಳಲ್ಲಿ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ನೀವೂ ನೋಡಿರುತ್ತೀರಿ. ಬೆಂಗಳೂರಿನ ಹತ್ತಿರ ಚಂದಾಪುರದ ಕಡೆಯ ಒಂದು ಬ್ಯಾಂಕ್ ಶಾಖೆ. ಗ್ರಾಹಕ ಕನ್ನಡದಲ್ಲಿ ಮಾತಾಡಿ ಅಂತಾರೆ, ಮ್ಯಾನೇಜರ್ ಮಾತಾಡೋಲ್ಲ ಅಂತಾರೆ. ಆಮೇಲೆ ಗಲಾಟೆ, ವರ್ಗಾವಣೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಖಂಡನೆ... ಎಲ್ಲ ಆಯಿತು. ನಮ್ಮ ಸಾಗರದ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಂತೂ ಎರಡು ದಿನ ಅದೇ. ಕೊನೆಗೆ ಒಬ್ಬ ನನ್ನ ಹೆಸರು ಹಿಡಿದೇ ಕೇಳಿದ. "ನೀನು ಬ್ಯಾಂಕಿನವನಲ್ವಾ ಮಾರಾಯ, ಏನಂತೀಯ ಇದಕ್ಕೆ?"

ನನಗೂ ಸಿಟ್ಟು ಬಂದಿತ್ತು. ದೊಡ್ಡದಾಗಿ ಬರೆಯಲು ಕೂತೆ. ಅನ್ನ ಕೊಡುವ ನೆಲದ ಭಾಷೆ ಅಂತೆಲ್ಲ ನಾಲ್ಕು ಸಾಲು ಟೈಪ್ ಮಾಡಿದ್ದೆ. ಆಮೇಲೆ ಅಳಿಸಿಬಿಟ್ಟೆ.

ಯಾಕೆಂದರೆ ಎರಡು ತಿಂಗಳ ಹಿಂದಷ್ಟೇ ಇದೇ ನಾಟಕದ ಇನ್ನೊಂದು ಆಟ ಇಲ್ಲಿ ನಡೆದಿತ್ತು. ಮಾರ್ಚ್ 30ರ ಗುಡಿಪಾಡ್ವಾ ಸಭೆಯಲ್ಲಿ ರಾಜ್ ಠಾಕ್ರೆಯವರು, ಬ್ಯಾಂಕುಗಳಲ್ಲಿ ಮರಾಠಿ ಬಳಸುತ್ತಾರೋ ಇಲ್ಲವೋ ಹೋಗಿ ನೋಡಿ ಅಂತ ಕಾರ್ಯಕರ್ತರಿಗೆ ಹೇಳಿದ್ದರು. ಒಂದು ವಾರ ನಮ್ಮ ಠಾಣೆ, ಕಲ್ಯಾಣದ ಶಾಖೆಗಳಲ್ಲೆಲ್ಲ ಯಾವಾಗ ಯಾರು ಬರುತ್ತಾರೋ ಎಂಬ ಆತಂಕ. ಏಪ್ರಿಲ್ 5ಕ್ಕೆ ಅವರೇ ಸದ್ಯಕ್ಕೆ ನಿಲ್ಲಿಸಿ ಅಂದರು, ಉಸಿರಾಡಿದೆವು. ಆ ವಾರ ನಾನು ಕೌಂಟರಿನ ಒಳಗಿನವನು. ಮೇ ತಿಂಗಳಲ್ಲಿ ಮನಸ್ಸಿನಿಂದ ಕೌಂಟರಿನ ಹೊರಗಿನವನು. ಒಂದೇ ಮನುಷ್ಯ!

ಅಷ್ಟೇ ಆಗಿದ್ದರೆ ಬರೆಯುತ್ತಿದ್ದೆನೋ ಏನೋ. ಅಳಿಸಿದ್ದಕ್ಕೆ ಬೇರೆ ಕಾರಣ ಇದೆ. ಅದು ಹಳೆಯದು, ಮನೆಯಲ್ಲಿ ನನ್ನವಳಿಗೆ ಬಿಟ್ಟು ಯಾರಿಗೂ ಹೇಳಿದ್ದಲ್ಲ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸಾಗರದಲ್ಲಿ ಬಿ.ಕಾಂ. ಸೇರಿದಾಗ ಮೊದಲ ಮೂರು ತಿಂಗಳು ಅಕೌಂಟೆನ್ಸಿ ಪಾಠ ತಲೆಯ ಮೇಲಿಂದ ಹಾರಿ ಹೋಗುತ್ತಿತ್ತು. ಡೆಬಿಟ್ ಎಂದರೆ ಏನು ಅಂತ ಕೇಳಲೂ ಇಂಗ್ಲಿಷು ಬೇಕಲ್ಲ! ಹಿಂದಿನ ಬೆಂಚಿನಲ್ಲಿ ಕೂತು, ಮೇಷ್ಟ್ರು ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ರಾತ್ರಿ ಡಿಕ್ಷನರಿ ಇಟ್ಟುಕೊಂಡು ಬಿಡಿಸುತ್ತಿದ್ದೆ. ಹಾಗೆ ಬೆವರು ಸುರಿಸಿ ಕಲಿತ ಇಂಗ್ಲಿಷು. ಬ್ಯಾಂಕ್ ಪರೀಕ್ಷೆ ಪಾಸಾಗಿ ಆಫೀಸರ್ ಆದಾಗ ಅಪ್ಪ ಊರಿಗೆಲ್ಲ ಹೇಳಿದ್ದೂ ಅದನ್ನೇ: "ಹುಡುಗ ಇಂಗ್ಲಿಷಲ್ಲೇ ಇಂಟರ್‌ವ್ಯೂ ಕೊಟ್ಟನಂತೆ." ಇದನ್ನು ಯಾಕೆ ಹೇಳಿದೆ ಅಂದರೆ, ಅರ್ಥವಾಗದ ಭಾಷೆಯ ಮುಂದೆ ಬಾಯಿ ಕಟ್ಟಿ ಕೂರುವುದು ಹೇಗಿರುತ್ತದೆ ಅಂತ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಮುಂದೆ ಮಾಡಿದ್ದು ನೋಡಿ.

1993ರಲ್ಲಿ ಶಹಾಡಿಗೆ ಬಂದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಲೋಕಲ್ ರೈಲು ಕಲ್ಯಾಣ ದಾಟಿ ಕಸಾರಾ ಕಡೆಗೆ ತಿರುಗಿದ ಮೇಲೆ ಸಿಗುವ ಮೊದಲ ಸ್ಟೇಷನ್ನು. ಒಂದು ಕಡೆ ಸೆಂಚುರಿ ರೇಯಾನ್ ಕಾರ್ಖಾನೆ. ಇನ್ನೊಂದು ಕಡೆ ಮೊಹೊನೆ, ಅಲ್ಲಿ ಎನ್‌ಆರ್‌ಸಿ ಕಾರ್ಖಾನೆ, ಆಗ ಜೋರಾಗಿ ನಡೆಯುತ್ತಿತ್ತು, 2009ರಲ್ಲಿ ಬಾಗಿಲು ಹಾಕಿತು. ಮುರಬಾಡ್ ರಸ್ತೆಯ ಹಳ್ಳಿಗಳಿಂದ ಬರುವ ಮರಾಠಿ ಜನ, ಕಾರ್ಖಾನೆಗೆ ಉತ್ತರ ಪ್ರದೇಶದಿಂದ ಬಂದವರು, ಬೆನ್ನಿಗೇ ಉಲ್ಹಾಸನಗರದ ಸಿಂಧಿಗಳು. ಕನ್ನಡ ಅಂದರೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಮತ್ತು ನಾನು. ಬಿರ್ಲಾ ಮಂದಿರ ಅಂತ ಕರೆಯುವ ವಿಠ್ಠಲನ ಗುಡಿ ಇದೆಯಲ್ಲ, ಆಷಾಢ ಏಕಾದಶಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜ್ಞಾನೇಶ್ವರರೇ ವಿಠ್ಠಲನನ್ನು ಕಾನಡಾ ಅಂದಿದ್ದಾರೆ, ಹಾಗಾಗಿ ಶಹಾಡಿನಲ್ಲಿ ಮೂರನೇ ಕನ್ನಡಿಗ ಅವನು ಅಂತ ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಅವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ.

ಹಿಂದಿ ಬರುತ್ತಿತ್ತಲ್ಲ ಅಂತೀರಾ? ಬರುತ್ತಿತ್ತು, ಶಾಲೆಯ ಮೂರನೇ ಭಾಷೆಯ ಹಿಂದಿ. ಕುರ್ಚಿ ಹೆಣ್ಣೋ ಗಂಡೋ ಅಂತ ಯೋಚಿಸಿ ವಾಕ್ಯ ಮುಗಿಸುವಷ್ಟರಲ್ಲಿ ಗ್ರಾಹಕ ಮುಂದಿನ ಕೌಂಟರಿಗೆ ಹೋಗಿರುತ್ತಿದ್ದ. ತಪ್ಪಿದರೆ ಸಹೋದ್ಯೋಗಿಗಳು ನಗುತ್ತಿದ್ದರು. ಇಂಗ್ಲಿಷಿನಲ್ಲಾದರೆ ಆ ಭಯ ಇಲ್ಲ. ನನ್ನ ತಪ್ಪು ಹಿಡಿಯಲು ಎದುರಿಗಿರುವವನಿಗೆ ಇಂಗ್ಲಿಷು ಬಂದರೆ ತಾನೆ! ಇಂಗ್ಲಿಷು ಮಾತಾಡಿದ್ದು ಅದು ಅವರಿಗೆ ಅರ್ಥವಾಗುತ್ತದೆ ಅಂತಲ್ಲ, ಆಗುವುದಿಲ್ಲ ಅಂತ. ಇದು ನನಗೆ ಆಗ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಗೊತ್ತಿತ್ತು.

ಫಾರಮ್ಮುಗಳೂ ನನ್ನ ಕಡೆಗೇ ಇದ್ದವು. ಆಗ ನಮ್ಮಲ್ಲಿ ಹೆಚ್ಚಿನವು ಇಂಗ್ಲಿಷು ಮತ್ತು ಹಿಂದಿಯಲ್ಲಿ. ಅದೂ ಎಂಥ ಹಿಂದಿ! ಉತ್ತರ ಪ್ರದೇಶದ ಕಾರ್ಮಿಕರೇ ಅದನ್ನು ಓದಿ, "ಸಾಹೇಬ್, ಇಂಗ್ಲಿಷಲ್ಲಿ ಏನು ಬರೆದಿದೆ ಹೇಳಿ, ಅದು ಸುಲಭ ಇರಬಹುದು" ಅನ್ನುತ್ತಿದ್ದರು. ಮರಾಠಿ ಅಜ್ಜಿಯರು ಮೊಮ್ಮಕ್ಕಳನ್ನು ಕರೆತರುತ್ತಿದ್ದರು. ಇಂಗ್ಲಿಷ್ ಮೀಡಿಯಂ ಮೂರನೇ ಕ್ಲಾಸಿನ ಮಗು ಫಾರಮ್ಮಿನ ಒಂದೊಂದೇ ಪದವನ್ನು ಅಕ್ಷರ ಕೂಡಿಸಿ ಓದುವುದು, ಅಜ್ಜಿ ಹೆಮ್ಮೆಯಿಂದ ಸುತ್ತ ನೋಡುವುದು. ಪದದ ಅರ್ಥ ಮಗುವಿಗೂ ಗೊತ್ತಿಲ್ಲ. ನಾನು ಬೆರಳು ತೋರಿಸಿ "ಸೈನ್ ಹಿಯರ್" ಅನ್ನುವುದು. ಮುಗಿಯಿತು ಕೆಲಸ.

ನಗೆಯ ಪ್ರಸಂಗಗಳೂ ಇವೆ. ಬಂದ ಹೊಸತರಲ್ಲಿ ಒಬ್ಬರು ಹಣ ಕಟ್ಟಿ, "ಪಾವತೀ ದ್ಯಾ, ಸಾಹೇಬ" ಅಂದರು. ದ್ಯಾ ಅಂದರೆ ಕೊಡಿ, ಅಷ್ಟು ಗೊತ್ತು. ಪಾವತಿ ನಮ್ಮ ಕನ್ನಡದ್ದೇ ಅಲ್ಲವೇ? ಹಣ ಕೊಡಿ ಅಂತಿದ್ದಾರೆ ಅಂದುಕೊಂಡು, ಅಕೌಂಟಿನಲ್ಲಿ ಈಗ ತಾನೇ ಕಟ್ಟಿದ್ದೀರಿ, ತೆಗೆಯಲು ಬೇರೆ ಸ್ಲಿಪ್ ಬರೀಬೇಕು ಅಂತ ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದೆ. ಮರಾಠಿಯಲ್ಲಿ ಪಾವತಿ ಅಂದರೆ ರಸೀದಿ. ಪಾಪ, ಅವರು ಕೇಳಿದ್ದು ಒಂದು ಚೂರು ಕಾಗದ.

ಸಿಂಧಿ ವ್ಯಾಪಾರಿಗಳೊಬ್ಬರು ಬರುತ್ತಿದ್ದರು, ಎಪ್ಪತ್ತು ದಾಟಿದವರು. ದೇಶ ವಿಭಜನೆಯಾದಾಗ ಯುವಕರು, ಕಲ್ಯಾಣದ ಮಿಲಿಟರಿ ಕ್ಯಾಂಪಿನ ಬ್ಯಾರಕ್ಕಿಗೆ ಬಂದು ಇಳಿದಿದ್ದರಂತೆ. ಆ ಕ್ಯಾಂಪಿಗೇ 1949ರಲ್ಲಿ ಉಲ್ಹಾಸನಗರ ಅಂತ ಹೆಸರಾದದ್ದು. ಅವರ ಸಹಿ ಬಲದಿಂದ ಎಡಕ್ಕೆ, ಅರಬ್ಬಿ ಲಿಪಿಯ ಸಿಂಧಿ. ಕಾರ್ಡಿನ ಮೇಲಿನ ಸಹಿಗೂ ಚೆಕ್ಕಿನ ಸಹಿಗೂ ಹೋಲಿಸಿ ನೋಡುವಾಗ ನಾನು ಕಾರ್ಡನ್ನು ತಲೆಕೆಳಗು ಹಿಡಿದಿದ್ದೆ. ಅವರು ನಗುತ್ತ ತಿರುಗಿಸಿ ಕೊಟ್ಟರು. ಆಮೇಲೆ ಜೇಬಿನಿಂದ ನೋಟು ತೆಗೆದು, ಹಿಂಬದಿಯ ಭಾಷೆಗಳ ಪಟ್ಟಿ ತೋರಿಸಿ, "ಇದರಲ್ಲಿ ನಿಮ್ಮದು ಯಾವುದು?" ಅಂತ ಹಿಂದಿಯಲ್ಲಿ ಕೇಳಿದರು. ತೋರಿಸಿದೆ. "ನನ್ನದು ಹುಡುಕಿ ನೋಡೋಣ" ಅಂದರು. ದಿನವೂ ಸಾವಿರಾರು ನೋಟು ಎಣಿಸುವ ಕೈ ನಮ್ಮದು, ಅದರಲ್ಲಿ ಸಿಂಧಿ ಇಲ್ಲ ಅಂತ ಅಲ್ಲಿವರೆಗೆ ಗಮನಿಸಿರಲಿಲ್ಲ. 1967ರಲ್ಲೇ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ ಭಾಷೆ, ಇವತ್ತಿಗೂ ನೋಟಿನ ಪಟ್ಟಿಯಲ್ಲಿಲ್ಲ. ಅವರು ಮರಾಠಿ, ಹಿಂದಿ, ಗುಜರಾತಿ ಮೂರನ್ನೂ ನೀರು ಕುಡಿದ ಹಾಗೆ ಮಾತಾಡುತ್ತಿದ್ದರು. "ನೋಟಿನ ಮೇಲೆ ಇಲ್ಲದವನು ಎಲ್ಲರ ಭಾಷೆ ಕಲಿಯಬೇಕಪ್ಪಾ" ಅಂದರು. ನನಗದು ಚುಚ್ಚಿದ್ದು ಹೌದು. ಆದರೆ ಆಗಲೂ ಕಲಿಯಲಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ನಾನು ಸೇರಿ ಐದಾರು ತಿಂಗಳಾಗಿತ್ತು. ಮೊಹೊನೆಯ ಚಾಳಿನಲ್ಲಿದ್ದ ಒಬ್ಬ ಕಾರ್ಮಿಕರು ಫಿಕ್ಸೆಡ್ ಡಿಪಾಜಿಟ್ ಇಡಲು ಬಂದರು, 22 ಸಾವಿರ. ಆ ಕಾಲಕ್ಕೆ ಅವರಿಗೆ ದೊಡ್ಡ ಗಂಟು. ಮುರಬಾಡ್ ಒಳಗಿನ ಹಳ್ಳಿಯವರು, ಹಿಂದಿ ಅವರಿಗೂ ಅಷ್ಟಕ್ಕಷ್ಟೆ. ಫಾರಂ ನಾನೇ ತುಂಬಿದೆ. ನನ್ನ ಅಕ್ಷರ ದುಂಡಗೆ, ಆಗೆಲ್ಲ ಅದರ ಬಗ್ಗೆ ಒಂದು ಜಂಬ. ಸಹಿ ಮಾಡುವ ಮೊದಲು ಅವರು ಏನೋ ಹೇಳಿದರು. "ವಾರಸ್ ಮ್ಹಣೂನ್ ಬಾಯ್ಕೋಚಂ ನಾವ್ ಲಾವಾ." ಹಿಂದೆ ಕ್ಯೂ ಬೆಳೆದಿತ್ತು. ನನ್ನ ಕಿವಿಗೆ ಬಿದ್ದದ್ದು "ವಾರ" ಅಂತ. ಬಡ್ಡಿಯನ್ನು ವಾರಕ್ಕೊಮ್ಮೆ ಕೊಡುತ್ತೀರಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ಕೈ ಆಡಿಸಿ, "ನೋ ನೋ, ಓನ್ಲಿ ಕ್ವಾರ್ಟರ್ಲಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಸುಮ್ಮನೆ ಸಹಿ ಮಾಡಿದರು.

ಅವರು ಹೇಳಿದ್ದು ಇಷ್ಟೇ: ವಾರಸು ಅಂತ ಹೆಂಡತಿಯ ಹೆಸರು ಹಾಕಿ.

ನಾಮಿನೇಷನ್ ಅನ್ನುವುದು 1983ರ ತಿದ್ದುಪಡಿಯಿಂದ ಬ್ಯಾಂಕ್ ಕಾನೂನಿಗೆ ಬಂದದ್ದು, 1985ರಲ್ಲಿ ನಿಯಮಗಳಾದವು. ಒಂದು ಚಿಕ್ಕ ಫಾರಂ ತುಂಬಿದರಾಯಿತು, ಠೇವಣಿದಾರ ತೀರಿಕೊಂಡರೆ ಬ್ಯಾಂಕು ಆ ಹೆಸರಿನವರಿಗೆ ಹಣ ಕೊಟ್ಟು ಕೈ ತೊಳೆದುಕೊಳ್ಳಬಹುದು. ಆಮೇಲೆ ಹಣ ಯಾರ ಹಕ್ಕು ಅನ್ನುವುದು ಮನೆಯವರ ಮಾತು. ನಾಮಿನಿ ಇಲ್ಲದಿದ್ದರೆ ಆ ದಿನಗಳಲ್ಲಿ ಕಷ್ಟ. ಶಾಖೆಯ ಅಧಿಕಾರ ಮೀರಿದ ಮೊತ್ತವಾದರೆ ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತನ್ನಿ ಅನ್ನುತ್ತಿದ್ದರು. 2005ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಇದನ್ನು ಬಹಳ ಸರಳ ಮಾಡಿತು. ನಾನು ಹೇಳುತ್ತಿರುವುದು ಅದಕ್ಕೂ ಮೊದಲಿನ ಮಾತು.

1996ರ ಮಳೆಗಾಲದಲ್ಲಿ ಅವರ ಹೆಂಡತಿ ಬಂದರು. ಜೊತೆಗೆ ಒಂಬತ್ತನೇ ಕ್ಲಾಸಿನ ಮಗಳು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಡಿಪಾಜಿಟ್ ರಸೀದಿ ಮತ್ತು ಗಂಡನ ಮರಣ ಪತ್ರ. ಫೈಲು ತೆಗೆಸಿದೆ. ನಾಮಿನೇಷನ್ ಎಂಬ ಸಾಲಿನ ಮುಂದೆ ದುಂಡಗಿನ ಅಕ್ಷರದಲ್ಲಿ "ನಾಟ್ ಅಪ್ಲಿಕೇಬಲ್" ಅಂತ ಬರೆದಿತ್ತು. ನನ್ನ ಅಕ್ಷರ. ಮಗಳು ಹಿಂದಿಯಲ್ಲಿ ಹೇಳಿದಳು, "ಪಪ್ಪಾ ಅವತ್ತೇ ಮನೆಗೆ ಬಂದು ಹೇಳಿದ್ದರು, ಬ್ಯಾಂಕಿನಲ್ಲಿ ಹೆಂಡತಿ ಹೆಸರು ನಡೆಯೋಲ್ಲವಂತೆ, ಸಾಹೇಬರು ಇಲ್ಲ ಅಂದರು ಅಂತ."

ಮೂರು ವರ್ಷ ಆ ಮನೆಯಲ್ಲಿ ಅದು ಬ್ಯಾಂಕಿನ ಕಾಯಿದೆ ಆಗಿ ಉಳಿದಿತ್ತು. ನನ್ನ ಒಂದು "ನೋ ನೋ".

ಆಗ ನಾನು ಮಾಡಬಹುದಾಗಿದ್ದ ಕೆಲಸ ಒಂದಿತ್ತು. ಮ್ಯಾನೇಜರ ಹತ್ತಿರ ಹೋಗಿ, ಫಾರಂ ತುಂಬಿದ್ದು ನಾನು, ಅವರು ಹೆಸರು ಹೇಳಿದ್ದರು, ನನಗೆ ಅರ್ಥವಾಗಲಿಲ್ಲ, ಇದನ್ನು ಮೇಲಿನ ಆಫೀಸಿಗೆ ಬರೆದು ಇಂಡೆಮ್ನಿಟಿ ಬಾಂಡಿನ ಮೇಲೆ ಕೊಡಿಸಿ ಅನ್ನಬಹುದಿತ್ತು. ಕೊಡುತ್ತಿದ್ದರೋ ಇಲ್ಲವೋ, ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಪ್ರಮೋಷನ್ ಇಂಟರ್‌ವ್ಯೂ ಹತ್ತಿರವಿತ್ತು. ಆ ತಾಯಿಗೆ ಕೋರ್ಟಿನ ಕಾಗದ ತರಬೇಕು ಅಂತ ಮಗಳ ಮೂಲಕ ಹೇಳಿ ಕಳಿಸಿದೆ, ಅಷ್ಟೆ.

ಕಲ್ಯಾಣದ ಕೋರ್ಟು, ವಕೀಲರು, ಪೇಪರಿನಲ್ಲಿ ನೋಟಿಸು. ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ವರ್ಷ ಅವರು ಉಲ್ಹಾಸನಗರದಲ್ಲಿ ಒಂದು ಸಿಂಧಿ ಮನೆಗೆ ಪಾಪಡ್ ಲಟ್ಟಿಸಲು ಹೋಗುತ್ತಿದ್ದರು ಅಂತ ನಮ್ಮ ದಫ್ತರಿ ಮಾಮಾ ಹೇಳಿದ. ಬೆಳಿಗ್ಗೆ ಫ್ಲೈಓವರ್ ಕೆಳಗೆ ಒಂದೆರಡು ಸಲ ಕಂಡಿದ್ದರು. ನಾನು ರಸ್ತೆಯ ಆ ಬದಿಗೆ ದಾಟಿಕೊಂಡೆ.

ಮರಾಠಿ ಕಲಿಯಲು ಶುರು ಮಾಡಿದ್ದು ಆ ವರ್ಷ. ದೇವನಾಗರಿ ಗೊತ್ತಿತ್ತು, ಲೋಕಲ್ಲಿನಲ್ಲಿ ಲೋಕಸತ್ತಾ ಹಿಡಿದು ಕೂರುತ್ತಿದ್ದೆ. ಮೊದಲು ತಲೆಬರಹ, ಆಮೇಲೆ ನಿಧನ ವಾರ್ತೆ, ಆಮೇಲೆ ಕೋರ್ಟ್ ನೋಟಿಸುಗಳು. ಡಬ್ಬಿಯಲ್ಲಿ ಭಜನಾ ಮಂಡಳಿಯವರು ತಾಳ ಬಡಿಯುತ್ತಿದ್ದರು, ಅವರೇ ಉಚ್ಚಾರ ತಿದ್ದಿದರು. ಆಗ ಗೊತ್ತಾಯಿತು ನೋಡಿ, ನಾನೆಂಥ ಮೂರ್ಖ ಅಂತ. ನಮ್ಮ ಮುದ್ದತು ಠೇವಣಿ ಇವರಲ್ಲಿ ಮುದತ್ ಠೇವ್. ಶಿಲ್ಕು ಶಿಲ್ಲಕ್. ಜಾಮೀನು ಜಾಮೀನ್. ಜಮಾ, ಖರ್ಚು, ಖಾತೆ, ತಾರೀಖು, ಸಹಿ, ಕಾರಕೂನ ಎಲ್ಲ ಅವೇ. ನಮ್ಮ ತುಪ್ಪ ಅವರ ತೂಪ್. ಅರಬ್ಬಿ, ಪಾರಸಿಯಿಂದ ಬಂದ ಎಷ್ಟೋ ಕಚೇರಿ ಮಾತುಗಳು ಎರಡು ಕಡೆಯೂ ಒಂದೇ. ವಾರಸ್ ಅಂತೂ ಇದೆಯಲ್ಲ, ನಮ್ಮೂರಿನ ಪ್ರತಿ ಜಮೀನು ಜಗಳದಲ್ಲಿ ಕೇಳಿ ಬೆಳೆದ ಪದ. ವಾರಸುದಾರ! ನನ್ನ ಅಜ್ಜ ಓದು ಬಾರದವರು, ಅವರು ಆ ಕೌಂಟರಿನಲ್ಲಿ ಕೂತಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದರು. ನಾನು ಕನ್ನಡದ ಕಿವಿಯಲ್ಲಿ ಕೇಳಿದ್ದರೂ ಸಾಕಿತ್ತು. ಇಂಗ್ಲಿಷಿನ ಕಿವಿಯಲ್ಲಿ ಕೇಳಿದೆ.

ಅಣ್ಣನ ಮಗಳು ಅಮೆರಿಕದಲ್ಲಿ ಫಾರ್ಮಸಿಸ್ಟ್, ಟೆಕ್ಸಾಸಿನ ಲರೇಡೋದಲ್ಲಿ. ಮೆಕ್ಸಿಕೋ ಗಡಿಯ ಊರು, ನದಿ ದಾಟಿದರೆ ಆ ದೇಶ. ಊರಿನ ಹೆಚ್ಚಿನವರ ಮನೆಮಾತು ಸ್ಪ್ಯಾನಿಷ್. ಅವಳಿಗೆ ಈ ಕಥೆ ಅರ್ಧ ಹೇಳಿದ್ದೆ, ನನ್ನ ಪಾತ್ರ ಬಿಟ್ಟು. ಅವಳು ಅವರ ಪಾಠದಲ್ಲಿ ಬರುವ ಒಂದು ಉದಾಹರಣೆ ಹೇಳಿದಳು. ಔಷಧದ ಬಾಟಲಿಯ ಮೇಲೆ ದಿನಕ್ಕೆ ಒಂದು ಸಲ ಅನ್ನಲು ಇಂಗ್ಲಿಷಿನಲ್ಲಿ "ವನ್ಸ್" ಅಂತ ಬರೆದಿರುತ್ತಾರಲ್ಲ, ಅದೇ ಅಕ್ಷರಗಳನ್ನು ಸ್ಪ್ಯಾನಿಷಿನವರು "ಓನ್ಸೆ" ಅಂತ ಓದುತ್ತಾರೆ. ಓನ್ಸೆ ಅಂದರೆ ಹನ್ನೊಂದು! ಸರಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ಭಾಷೆ ಬಾರದವರಿಗೆ ದುಭಾಷಿಯನ್ನು ಒದಗಿಸಬೇಕು ಅನ್ನುವುದಕ್ಕೆ ಅಲ್ಲಿ 1964ರ ನಾಗರಿಕ ಹಕ್ಕು ಕಾಯಿದೆಯ ಆಧಾರ ಇದೆ. 2025ರ ಮಾರ್ಚ್ 1ರಂದು ಅಲ್ಲಿನ ಅಧ್ಯಕ್ಷರು ಇಂಗ್ಲಿಷೇ ಅಧಿಕೃತ ಭಾಷೆ ಅಂತ ಆದೇಶ ಹೊರಡಿಸಿದರು. "ಅಂಗಡಿಗೆ ಬರುವ ಅಜ್ಜಿಗೆ ಆದೇಶ ಓದೋಕೆ ಬರಲ್ಲ ಚಿಕ್ಕಪ್ಪಾ, ನಾನಂತೂ ಬೆರಳು ಎತ್ತಿ ಒಂದು ಅಂತ ತೋರಿಸ್ತೀನಿ" ಅಂದಳು. ಅವಳು ಸ್ಪ್ಯಾನಿಷ್ ಕಲಿತಿದ್ದು ಎರಡೇ ವರ್ಷದಲ್ಲಿ. ನನಗಿಂತ ಜಾಣೆ.

ಇರಲಿ. 1997ರಲ್ಲಿ ಆ ತಾಯಿ ಕೋರ್ಟಿನ ಕಾಗದ ತಂದರು. ಹಣ ಕೊಟ್ಟದ್ದು ನಾನೇ. ಅದರಲ್ಲಿ ಸ್ವಲ್ಪ ಅಲ್ಲೇ ಮತ್ತೆ ಡಿಪಾಜಿಟ್ ಇಟ್ಟರು. ಮಗಳ ಹೆಸರನ್ನು ನಾಮಿನಿ ಅಂತ ಹಾಕಿ, ಪ್ರತಿ ಸಾಲನ್ನೂ ಮರಾಠಿಯಲ್ಲಿ ಹೇಳಿದೆ. ಅವರಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟಾದರೆ ಇಬ್ಬರು ಸಾಕ್ಷಿ ಬೇಕು, ದಫ್ತರಿ ಮಾಮಾನನ್ನೂ ಇನ್ನೊಬ್ಬರನ್ನೂ ಕರೆದೆ. ಎಲ್ಲರೂ ಹೋದ ಮೇಲೆ, ಮಗಳು ನೀರು ಕುಡಿಯಲು ಆಚೆ ಹೋಗಿದ್ದಾಗ, ತಿಂಗಳುಗಟ್ಟಲೆ ಮನಸ್ಸಿನಲ್ಲೇ ಉರು ಹೊಡೆದಿದ್ದ ವಾಕ್ಯ ಹೇಳಿದೆ.

"ಆಯೀ, ತೇವ್ಹಾ ಮಾಝಾ ಚೂಕ್ ಝಾಲಾ." ಅವತ್ತು ನನ್ನ ತಪ್ಪಾಯಿತು.

ಅವರು ರಸೀದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದರು. ತಲೆ ಎತ್ತದೆ, "ಮಾಝೀ ಚೂಕ್ ಝಾಲೀ, ಅಸಂ ಮ್ಹಣಾಯಚಂ, ಸಾಹೇಬ" ಅಂದರು. ಚೂಕ್ ಸ್ತ್ರೀಲಿಂಗ ಅಂತೆ. ನಾನು ತಿದ್ದಿಕೊಂಡು ಇನ್ನೊಮ್ಮೆ ಹೇಳಿದೆ. ಅವರು ತಲೆಯಾಡಿಸಿದರು. ಯಾವ ತಪ್ಪಿನ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗಿ ತಲೆಯಾಡಿಸಿದ್ದೋ, ವಾಕ್ಯ ಈಗ ಸರಿಯಾಯಿತು ಅಂತ ಆಡಿಸಿದ್ದೋ, ನನಗೆ ಇವತ್ತಿಗೂ ತಿಳಿಯದು. ಕೇಳಲು ಧೈರ್ಯ ಬರಲಿಲ್ಲ. ಆರು ತಿಂಗಳಿಗೆ ನನಗೆ ಘಾಟ್ಕೋಪರಿಗೆ ವರ್ಗ ಆಯಿತು.

ಮನೆ ಮಾತ್ರ ಶಹಾಡಿನಲ್ಲೇ ಮಾಡಿದೆ. ಮೂವತ್ತು ವರ್ಷ ದಾಟಿತು. ಈಗ ಮರಾಠಿಯಲ್ಲಿ ಜಗಳವನ್ನೂ ಆಡಬಲ್ಲೆ, ತರಕಾರಿಯವಳ ಹತ್ತಿರ ದೀಡಶೇ, ಅಡೀಚಶೇ ಲೆಕ್ಕ ತಪ್ಪುವುದಿಲ್ಲ. ಫಾರಮ್ಮುಗಳೂ ಸುಧಾರಿಸಿವೆ, ಇಂಗ್ಲಿಷು, ಹಿಂದಿ, ಸ್ಥಳೀಯ ಭಾಷೆ ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಅದನ್ನು ಯಾವ ಭಾಷೆಯಲ್ಲಿ ಕೇಳುತ್ತೇವೆ ಅನ್ನುವುದು ಬೇರೆ ಮಾತು. ನಮ್ಮ ಶಾಖೆಗೆ ಹೊಸದಾಗಿ ಬಂದ ಹುಡುಗ ಒಬ್ಬನಿದ್ದಾನೆ, ದೂರದ ರಾಜ್ಯದವನು, ಒಳ್ಳೆಯವನೇ. ಕಳೆದ ತಿಂಗಳು ಒಬ್ಬ ಅಜ್ಜನಿಗೆ ಅವನು "ಹಿಂದೀ ಮೇ ಬೋಲಿಯೇ" ಅಂದ. ಕ್ಯೂ ಬೆಳೆದಿತ್ತು. ನಾನು ನನ್ನ ಕುರ್ಚಿಯಿಂದ ಎದ್ದು ಹೋಗಿ ಅವನ ಪಕ್ಕ ನಿಂತೆ, ಅಜ್ಜ ಇನ್ನೊಮ್ಮೆ ಹೇಳಲಿ ಅಂತ. ಅಜ್ಜ ಕೇಳಿದ್ದು ಪಾಸ್‌ಬುಕ್ಕಿನಲ್ಲಿ ಶಿಲ್ಲಕ್ ಎಷ್ಟಿದೆ ಅಂತ, ಅಷ್ಟೆ. ಹುಡುಗನಿಗೆ ಒಂದು ಚೀಟಿಯಲ್ಲಿ ಹತ್ತು ಪದ ಬರೆದು ಕೊಟ್ಟೆ. ಮಡಚಿ ಜೇಬಿಗೆ ಹಾಕಿಕೊಂಡ. ಓದಿದನೋ ಇಲ್ಲವೋ.

ಚಂದಾಪುರದ ಮ್ಯಾನೇಜರ್ ಮಾಡಿದ್ದು ತಪ್ಪೇ. ನನ್ನ ಮಟ್ಟಿಗೆ ಹೇಳುವುದಾದರೆ, 1993ರಲ್ಲಿ ಯಾರ ಜೇಬಿನಲ್ಲೂ ಕ್ಯಾಮೆರಾ ಇರಲಿಲ್ಲ, ನನಗೆ ಒಂದು ಮೆಮೊ ಕೂಡ ಬರಲಿಲ್ಲ, ಪ್ರಮೋಷನ್ನೂ ಬಂತು. ಹಾಗಾಗಿ ಗುಂಪಿನಲ್ಲಿ ಆ ನಾಲ್ಕು ಸಾಲು ಅಳಿಸಿ, "ಶಹಾಡಿನಲ್ಲಿ ನನಗೂ ಮೂರು ವರ್ಷ ಹಿಡಿಯಿತು ಕಣ್ರೋ" ಅಂತ ಮಾತ್ರ ಬರೆದೆ. ಏನು ಹಿಡಿಯಿತು ಅಂತ ಯಾರೂ ಕೇಳಲಿಲ್ಲ. ಒಬ್ಬ ಹೆಬ್ಬೆಟ್ಟಿನ ಚಿತ್ರ ಹಾಕಿದ. ಅಷ್ಟರಲ್ಲಿ ಮಾತು ಅಡಿಕೆ ರೇಟಿಗೆ ಹೊರಳಿತು.